ಮನ್ಯಾಗ ಒಂದೇ ಬಿಟ್ರ ಉಚ್ಚಿ ಹೊಯ್ದು, ಒದರಾಡೋ ಸಣ್ಣ ನಾಯಿಗೆ ರೂಢಿ ಕಲಿಸೋದು ಹೆಂಗ

ಕಲಬುರಗ್ಯಾಗ ಈಗ ಯಾವ ಓಣಿಗೆ ಹೋದ್ರೂ ಪಾಮ್ (ಪಾಮರೇನಿಯನ್), ಪಗ್, ಶಿಟ್ಜು, ಡ್ಯಾಶ್‌ಹೌಂಡ್ ಇಂಥಾ ಸಣ್ಣ ಸಣ್ಣ ನಾಯಿ ಕಾಣ್ತಾವ, ಮತ್ತ ಆ ಮನಿಯವ್ರು ಹೇಳೋದೂ ಹೆಚ್ಚುಕಮ್ಮಿ ಒಂದೇ, ನಾವು ಇದ್ದಾಗ ಭಾಳ ಶಾಣ್ಯಾ ಇರ್ತದ್ರಿ, ಕೀಲಿ ಹಾಕ್ಕೊಂಡು ಹೊರಗ ಹೋದ್ವಿ ಅಂದ್ರ ಸೋಫಾದ ಮ್ಯಾಲ ಉಚ್ಚಿ, ಪಡಸಾಲ್ಯಾಗ ಸಂಡಾಸ, ಬಾಗಿಲು ಕೆರದು ಕೆರದು ಪೇಂಟ್ ಕಿತ್ತಿರ್ತದ, ಬಾಜು ಮನಿಯವ್ರು ಫೋನ್ ಮಾಡಿ ನಿಮ್ಮ ನಾಯಿ ಒಂದೇ ಸಮ ಒದರ್ಲಾಕತ್ತದ ಅಂತಾರ. ಮನಿಗೆ ಬಂದ ಮ್ಯಾಲ ಸಿಟ್ಟಿನ ಭರದಾಗ ಅದಕ್ಕ ಎರಡು ಏಟು ಬೀಳ್ತಾವ. ಅದನ್ನ ನೋಡಿದ್ರ ನನಗ ಜೀವಕ್ಕ ಭಾಳ ಕೆಟ್ಟ ಅನಸ್ತದ, ಯಾಕಂದ್ರ ಆ ನಾಯಿ ನಿಮ್ಮ ಮ್ಯಾಲ ಸೇಡು ತೀರಿಸ್ಕೊಳ್ಳಾಕ ಅದನ್ನ ಮಾಡಿರೋದಿಲ್ಲ. ಒಂದಾ ಎಲ್ಲಿ ಹೋಗ್ಬೇಕು ಅನ್ನೋದನ್ನ ಅದಕ್ಕ ಯಾರೂ ಬರೋಬ್ಬರಿ ಕಲಿಸಿರೋದಿಲ್ಲ, ಇಲ್ಲಾ ಅದು ಒಂದೇ ಇರ್ಲಾಕ ಅಂಜಿರ್ತದ. ಎರಡೂ ಕೂಡಿ ಇರಬಹುದು. ಯಾವುದು ಅಂತ ಗೊತ್ತು ಮಾಡ್ಕೊಂಡು ಕೆಲಸ ಶುರು ಮಾಡಿದ್ರ ದಾರಿ ಸಿಗ್ತದ.

ನಾವು ಬಂದ ಕೂಡ್ಲೆ ಕಿವಿ ಕೆಳಗ ಹಾಕಿ ಕಣ್ಣು ತಪ್ಪಸ್ತದಲ್ಲ, ತಪ್ಪು ಮಾಡೀನಿ ಅಂತ ಅದಕ್ಕ ಗೊತ್ತದ, ಅದಕ್ಕೇ ಹಂಗ ಮಾಡ್ತದ ಅಂತ ಭಾಳ ಮಂದಿ ಕೇಳ್ತಾರ. ಅಮೆರಿಕದಾಗ ಅಲೆಕ್ಸಾಂಡ್ರಾ ಹೊರೊವಿಟ್ಜ್ ಅನ್ನೋ ವಿಜ್ಞಾನಿ ಇದನ್ನೇ ಪರೀಕ್ಷೆ ಮಾಡಿ 2009ರಾಗ ಪ್ರಕಟ ಮಾಡ್ಯಾರ, ತಿನಬ್ಯಾಡ ಅಂದ ತಿಂಡಿ ತಿಂದ ನಾಯಿಗೂ ತಿನ್ನದ ನಾಯಿಗೂ ಮುಖದಾಗ ಫರಕ್ ಕಾಣ್ಲಿಲ್ಲ, ಮಾಲೀಕರು ಬೈದಾಗ ಮಾತ್ರ ಆ ಮುಖ ಜಾಸ್ತಿ ಬಂತು. ಅಂದ್ರ ಅದು ನಿಮ್ಮ ಸಿಟ್ಟು ನೋಡಿ ಅಂಜೋ ಮುಖ. ಮಧ್ಯಾಹ್ನ ಹೊಯ್ದ ಉಚ್ಚಿಗೆ ಸಂಜಿಗೆ ಹೊಡದ್ರ ಅದಕ್ಕ ಸಿಗೋ ಪಾಠ ಒಂದೇ, ಮನಿಯವ್ರು ಬಾಗಿಲು ತೆಗೆದ್ರ ಏಟು ಬೀಳ್ತದ ಅನ್ನೋದು.

ಮದ್ಲು ಫೋನ್ ಇಟ್ಟು ನೋಡ್ರಿ

ಹಳೇ ಮೊಬೈಲ್ ಒಂದು ಇದ್ರ ಟಿವಿ ಬಾಜು ಇಲ್ಲಾ ಗೂಡಿನ್ಯಾಗ ಬಾಗಿಲು ಕಾಣೋ ಹಂಗ ನಿಲ್ಲಿಸಿ ವಿಡಿಯೋ ಶುರು ಮಾಡಿ ಅರ್ಧ-ಮುಕ್ಕಾಲು ತಾಸು ಹೊರಗ ಹೋಗಿ ಬರ್ರಿ. ಹೋಗೋ ಮುಂದ ಅದಕ್ಕ ಭಾಳ ಸೇರೋ ತಿಂಡಿ ಏನಾರ ಕೆಳಗ ಇಟ್ಟು ಹೋಗ್ರಿ. ಬಂದು ನೋಡಿದ್ರ ಅರ್ಧ ವಿಷಯ ಅಲ್ಲೇ ಗೊತ್ತಾಗ್ತದ.

ನಮ್ಮ ಓಣ್ಯಾಗ ಗಂಡ-ಹೆಂಡ್ತಿ ಇಬ್ರೂ ಸಾಲಿಗೆ ಹೋಗೋ ಟೀಚರ್ ಮನ್ಯಾಗ ಹಿಂಗ ಒಂದು ಬಿಳಿ ಪಾಮ್ ಅದ, ಅದರ ವಿಡಿಯೋ ನಾನೂ ನೋಡೀನಿ. ಗೇಟು ಹಾಕಿದ ಸಪ್ಪಳ ಬಂತು, ನಾಯಿ ಬಾಗಿಲ ಕೆಳಗಿನ ಸಂದಿಗೆ ಮೂಗು ಒತ್ತಿ ನಿಂತ್ಕೊಂತು, ಸ್ಕೂಟಿ ಶುರುವಾದ ಸಪ್ಪಳ ದೂರ ಆದಂಗ ಹಂಗೇ ಮೂಗಿನ್ಯಾಗೇ ಕುಂಯ್ ಕುಂಯ್ ಅಂತ ಶುರು ಮಾಡ್ತು, ಆಮ್ಯಾಲ ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಓಡ್ತು, ಜೊಲ್ಲು ಸುರಿಸಿ ಸುರಿಸಿ ಎದಿ ಕೂದ್ಲೆಲ್ಲಾ ಒದ್ದಿ, ಇಟ್ಟಿದ್ದ ಚಿಕನ್ ತುಣುಕು ಮೂಸಿ ಸೈತ ನೋಡ್ಲಿಲ್ಲ, ಓಡ್ತಾ ಓಡ್ತಾನೇ ಉಚ್ಚಿ ಹೊಯ್ದು ಅದರಾಗೇ ತುಳುದಾಡ್ತು. ಇದು ಅಂಜಿಕಿ. ಇದು ಹೋದ ಸ್ವಲ್ಪ ಹೊತ್ತಿನ್ಯಾಗೇ, ಹೆಚ್ಚಂದ್ರ ಮದಲ ಅರ್ಧ ತಾಸಿನ್ಯಾಗೇ ಶುರುವಾಗ್ತದ, ಮತ್ತ ಕೆರೆಯೋದು-ಕಡಿಯೋದು ಬಾಗಿಲು, ಕಿಟಕಿ ಅಂದ್ರ ನೀವು ಹೋದ ದಾರಿ ಹತ್ರಾನೇ ಇರ್ತದ.

ನಿಮ್ಮ ವಿಡಿಯೋದಾಗ ನಾಯಿ ಆರಾಮ ತಿಂಡಿ ತಿಂದು, ಫರಸಿ ಮ್ಯಾಲ ಮಲಗಿ, ಎದ್ದು ಮೈ ಮುರದು, ಮೂಸ್ಕೊಂತ ಒಂದು ಮೂಲಿಗೆ ಹೋಗಿ ಉಚ್ಚಿ ಹೊಯ್ದು ಮತ್ತ ಬಂದು ಮಲಗಿದ್ರ ಅದು ಅಂಜಿಕಿ ಅಲ್ಲ, ಜಾಗ ಕಲ್ತಿಲ್ಲ ಅಷ್ಟೇ. ಚಪ್ಪಲಿ, ಲೋಡು, ಪೇಪರ್ ಹರದು ಖುಷಿಯಿಂದ ಆಡಿದ್ರ ಬೇಜಾರ. ಗಂಡು ನಾಯಿ ಕಾಲೆತ್ತಿ ಕುರ್ಚಿ ಕಾಲಿಗೆ, ಪರದೆಗೆ ಸ್ವಲ್ಪ ಸ್ವಲ್ಪ ಸಿಡಿಸಿದ್ರ ಅದು ಇದು ನನ್ನ ಜಾಗ ಅಂತ ಗುರ್ತು ಹಾಕೋದು, ಬೀಜ ತೆಗೆಸೋ ಆಪರೇಷನ್ ಮಾಡಿಸಿದ್ರ ಭಾಳ ನಾಯಿಗಳಾಗ ಕಡಿಮಿ ಆಗ್ತದ. ನೀವು ಬಂದ ಕೂಡ್ಲೆ ಬಾಗಿ ಮುಟ್ಟಾಕ ಹೋದಾಗ ಕೆಳಗ ಕುಂತು ತಟಕ್ ಉಚ್ಚಿ ಬಿಟ್ರ ಅದು ಬರೇ ಖುಷಿಗೆ ಇಲ್ಲಾ ದಬಾಯಿಸ್ತಾರ ಅನ್ನೋ ಅಂಜಿಕಿಗೆ ಆಗೋದು, ಅದಕ್ಕ ಬೈಯ್ಯಬ್ಯಾಡ್ರಿ, ಬಂದ ಮ್ಯಾಲ ಎರಡು ನಿಮಿಷ ಅದರ ಕಡೆ ನೋಡದೇ ಇದ್ದು, ಶಾಂತ ಆದ ಮ್ಯಾಲ ಬಗ್ಗದೇ ಕುಂತು ಮುಟ್ರಿ.

ಇನ್ನೊಂದು, ಮದ್ಲು ಚೊಲೋ ಇದ್ದ ನಾಯಿ ಒಮ್ಮಿಗೇ ಮನ್ಯಾಗ ಹೊಯ್ಲಾಕ ಶುರು ಮಾಡಿದ್ರ, ಘಳಿಗಿಗೊಮ್ಮೆ ಸ್ವಲ್ಪ ಸ್ವಲ್ಪ ಹೊಯ್ದ್ರ, ಉಚ್ಚಿ ಕೆಂಪಿದ್ರ, ನೀರು ಭಾಳ ಕುಡದ್ರ, ಟ್ರೇನಿಂಗ್ ಬಾಜು ಇಟ್ಟು ಪಶು ದವಾಖಾನಿಗೆ ತೋರಸ್ರಿ. ಮೂತ್ರದ ಇನ್ಫೆಕ್ಷನ್, ಕಲ್ಲು, ಶುಗರ್, ಕಿಡ್ನಿ ತ್ರಾಸು ಇದ್ರ ಯಾವ ಟ್ರೇನಿಂಗೂ ನಡೆಯೋದಿಲ್ಲ. ತಾಲೂಕಿನ ಸರ್ಕಾರಿ ಪಶು ದವಾಖಾನಿ ಅದಾವ, ಬೀದರ್ ಕಡೆಯವ್ರಿಗೆ ನಂದಿನಗರದ ಪಶುವೈದ್ಯಕೀಯ ಕಾಲೇಜು ಅದ.

ಹೊರಗ ಹೋಗೋದಕ್ಕ ಟೈಮು

ಕುನ್ನಿಗೆ ಎಷ್ಟು ತಿಂಗಳು ಆಗ್ಯಾವೋ ಅದಕ್ಕ ಒಂದು ಕೂಡಿಸ್ರಿ, ಅಷ್ಟು ತಾಸು ಹೆಚ್ಚಂದ್ರ ಅದು ತಡ್ಕೊತದ. 2 ತಿಂಗಳ ಮರಿ 3 ತಾಸು, 3 ತಿಂಗಳದ್ದು 4 ತಾಸು. ಇದು ಹೆಚ್ಚಂದ್ರ ಮಾತು, ಸಣ್ಣ ಜಾತಿ ನಾಯಿಗೆ ಮೂತ್ರದ ಚೀಲಾನೂ ಸಣ್ಣದು, ಅದಕ್ಕ ಇದಕ್ಕಿಂತ ಕಡಿಮಿ ಅಂತಾನೇ ತಿಳ್ಕೊಳ್ರಿ. ಮುಂಜಾನಿ 9ಕ್ಕ ಕೀಲಿ ಹಾಕಿ ಸಂಜಿ 6ಕ್ಕ ಬರೋ ಮನ್ಯಾಗ 3 ತಿಂಗಳ ಮರಿ ಒಳಗ ಹೊಯ್ದ್ರ ಅದರಾಗ ಮರಿ ತಪ್ಪು ಏನೂ ಇಲ್ಲ.

ನಿದ್ದಿಯಿಂದ ಎದ್ದ ಕೂಡ್ಲೆ, ಊಟ ಆಗಿ 5ರಿಂದ 30 ನಿಮಿಷದಾಗ, ಆಡಿ ಮುಗಿದ ಮ್ಯಾಲ, ರಾತ್ರಿ ಮಲಗೋ ಮುಂದ, ಮತ್ತ ನೀವು ಮನಿ ಬಿಟ್ಟು ಹೋಗೋ ಮುಂದ, ಇಷ್ಟು ಸಲ ಅಂತೂ ಕರ್ಕೊಂಡು ಹೋಗ್ಲೇಬೇಕು. ಊಟಕ್ಕ ಹೊತ್ತು ಗೊತ್ತು ಇರ್ಲಿ, ಮರಿಗೆ ದಿನಕ್ಕ ಮೂರು ಸಲ, ದೊಡ್ಡದಕ್ಕ ಎರಡು ಸಲ, 15-20 ನಿಮಿಷಕ್ಕ ಬಟ್ಟಲು ಎತ್ತಿ ಇಡ್ರಿ, ಇಡೀ ದಿನ ಅನ್ನ ಮುಂದ ಇಟ್ರ ಸಂಡಾಸಕ್ಕೂ ಟೈಮ್ ಇರೋದಿಲ್ಲ. ನೀರು ಮಾತ್ರ ಎತ್ತಿ ಇಡಬ್ಯಾಡ್ರಿ, ಉಚ್ಚಿ ಹೊಯ್ತದ ಅಂತ ನೀರು ಕೊಡದೇ ಇರೋರು ಅದಾರ, ನಮ್ಮ ಬಿಸಿಲಿಗೆ ಅದು ಜೀವಕ್ಕೇ ಅಪಾಯ.

ಏಪ್ರಿಲ್-ಮೇದಾಗ ನಮ್ಮ ಕಡೆ ಸರ್ಕಾರಿ ಆಫೀಸು ಮುಂಜಾನಿ 8ರಿಂದ ಮಧ್ಯಾಹ್ನ 1:30ರ ತನಕ ಆಗ್ತಾವಲ್ಲ, ಆಫೀಸಿಗೆ ಹೋಗೋರು ಮರಿ ತರೋದಿದ್ರ ಆ ಟೈಮಿನ್ಯಾಗ ಶುರು ಮಾಡೋದು ಚೊಲೋ ಅಂತ ನನಗ ಅನಸ್ತದ, ಅರ್ಧ ದಿನ ಮನ್ಯಾಗೇ ಇರ್ತೀರಿ, ಹುಡುಗರಿಗೂ ಸೂಟಿ ಇರ್ತದ. ತೊಂದ್ರಿ ಒಂದೇ, ಬಿಸಿಲು. ಮುಂಜಾನಿ 7ರ ಒಳಗ, ಸಂಜಿ ಹೊತ್ತು ಮುಳುಗಿದ ಮ್ಯಾಲ ಹೊರಗ ಕರ್ಕೊಂಡು ಹೋಗ್ರಿ, ನಡುವೆ ಹೋಗ್ಲೇಬೇಕಂದ್ರ ನೆರಳಿನ ಮಣ್ಣಿಗೆ. ಡಾಂಬರ್ ಮ್ಯಾಲ, ಮಾಳಗಿ ಫರಸಿ ಮ್ಯಾಲ ನಿಮ್ಮ ಅಂಗೈ ಹಿಂದಿನ ಕಡೆ ಇಟ್ಟು ನೋಡ್ರಿ, 5-6 ಸೆಕೆಂಡ್ ತಡ್ಕೊಳ್ಳಾಕ ಆಗ್ಲಿಲ್ಲ ಅಂದ್ರ ಅದರ ಅಂಗಾಲು ಸುಡ್ತದ.

ಜಾಗ ಒಂದೇ ಇರ್ಲಿ

ಲಸಿ ಪೂರ್ತಿ ಆಗದ ಕುನ್ನೀನ ಬೀದಿ ನಾಯಿ ಓಡಾಡೋ ಜಾಗಕ್ಕ ಬಿಡಬ್ಯಾಡ್ರಿ. ಪಾರ್ವೋ ವೈರಸ್ ನೆಲದಾಗ ತಿಂಗಳಗಟ್ಟಲೆ ಉಳಿತದ, ಮರಿಗೆ ಬಂದ್ರ ರಕ್ತ ಭೇದಿ ಹತ್ತಿ ಎರಡು-ಮೂರು ದಿನದಾಗ ಜೀವ ಹೋಗೋದೂ ಅದ. 6-8 ವಾರಕ್ಕ ಲಸಿ ಶುರು ಆಗಿ 3-4 ವಾರಕ್ಕೊಮ್ಮೆ ಅಂತ 16 ವಾರದ ತನಕ ನಡಿತದ, 3 ತಿಂಗಳಿಗೆ ರೇಬಿಸ್. ಅಲ್ಲಿ ತನಕ ನಿಮ್ಮದೇ ಅಂಗಳದ ಒಂದು ಮೂಲಿ, ಅಂಗಳ ಇಲ್ಲದವ್ರು ಮಾಳಗಿ ಮ್ಯಾಲ ನೆರಳಿನ್ಯಾಗ ಒಂದು ಅಗಲ ಪ್ಲಾಸ್ಟಿಕ್ ಟ್ರೇದಾಗ ಮಣ್ಣು ತುಂಬಿ ಇಡ್ರಿ. ಪೇಪರ್ ಹಾಸಿದ್ರೂ ನಡಿತದ ಖರೇ, ಆದ್ರ ಮರಿ ಕಾಲಿಗೆ ಯಾವ ನೆಲ ರೂಢಿ ಆಗ್ತದೋ ದೊಡ್ಡದಾದ ಮ್ಯಾಲೂ ಅದನ್ನೇ ಹುಡುಕ್ತದ, ಪೇಪರ್ ಕಲ್ತ ನಾಯಿ ನೀವು ಓದಾಕ ಕೆಳಗಿಟ್ಟ ಪೇಪರ್ ಮ್ಯಾಲೂ ಹೋಗ್ತದ. ಮಣ್ಣು ಕಲಿಸಿದ್ರ ಮುಂದ ಹೊರಗ ಒಯ್ಯಾಕ ಸಲೀಸು.

ಪ್ರತಿ ಸಲ ಬೆಲ್ಟ್ ಹಾಕಿ ಅದೇ ದಾರಿಲೇ ಅದೇ ಜಾಗಕ್ಕ ಒಯ್ರಿ, ಸುಮ್ಮ ನಿಂತ್ಕೊಳ್ರಿ, ಆಡಸಬ್ಯಾಡ್ರಿ. ಹೊಯ್ಯೋ ಮುಂದ ಮೆಲ್ಲಕ ಒಂದು ಮಾತು ಹೇಳ್ರಿ, "ಹೊಯ್ಕೋ" ಅಂತಾನೋ ಏನೋ, ಮನ್ಯಾಗ ಎಲ್ರೂ ಅದೇ ಮಾತು ಹೇಳ್ಬೇಕು. ಮುಗಿದ ಎರಡು ಸೆಕೆಂಡಿನ್ಯಾಗ ಶಭಾಶ್ ಅಂದು ಕೈಯಾಗಿನ ತಿಂಡಿ ಕೊಡ್ರಿ. ಭಾಳ ಮಂದಿ ಮನಿ ಒಳಗ ಬಂದು ಡಬ್ಬಿ ತೆಗೆದು ಕೊಡ್ತಾರ, ಆವಾಗ ನಾಯಿ ಒಳಗ ಬಂದಿದ್ದಕ್ಕ ತಿಂಡಿ ಸಿಕ್ತು ಅನ್ಕೊತದ. ತಿಂಡಿ ಜೇಬಿನ್ಯಾಗೇ ಇರ್ಲಿ, ಶೇಂಗಾ ಬೀಜದಷ್ಟು ಸಣ್ಣ ತುಣುಕು ಸಾಕು. ಹೊಯ್ದ ಕೂಡ್ಲೆ ಎಳಕೊಂಡು ವಾಪಸ್ ಬರಬ್ಯಾಡ್ರಿ, ಐದು ನಿಮಿಷ ಅಡ್ಡಾಡಸ್ರಿ, ಇಲ್ಲಂದ್ರ ಹೊಯ್ದ್ರ ಸುತ್ತಾಟ ಮುಗಿತದ ಅಂತ ತಿಳದು ತಡಾ ಮಾಡ್ತದ.

ಮನಿ ಒಳಗ ಇದ್ದಾಗ ಕಣ್ಣು ಅದರ ಮ್ಯಾಲೇ ಇರ್ಲಿ. ಆಡೋದು ಒಮ್ಮಿಗೇ ನಿಲ್ಲಸ್ತದ, ಮೂಗು ನೆಲಕ್ಕ ಹತ್ತಿ ಫರಸಿ ಸಂದಿ ಗುಂಟ ಮೂಸ್ಕೊಂತ ಹೊಂಟ್ತದ, ಒಂದೇ ಜಾಗದಾಗ ಗಿರಿಗಿರಿ ತಿರಗ್ತದ, ಆಗ ಎತ್ಕೊಂಡು ಹೊರಗ ಓಡ್ರಿ. ಹೊಯ್ಯೋದು ಶುರು ಆಗಿದ್ರೂ ಚೀರಬ್ಯಾಡ್ರಿ, ಮೆಲ್ಲಕ ಚಪ್ಪಾಳಿ ಹೊಡದು ಎತ್ಕೊಂಡು ಹೋಗಿ ಉಳಿದಿದ್ದು ಹೊರಗ ಮಾಡ್ಸಿ ಅಲ್ಲಿ ಶಭಾಶ್ ಅನ್ರಿ. ಮೂಗು ಉಚ್ಚಿಗೆ ತಿಕ್ಕೋ ಪದ್ಧತಿ ಪೂರ್ತಿ ಬಿಟ್ಟುಬಿಡ್ರಿ, ಅದರಿಂದ ನಾಯಿ ಕಲಿಯೋದು ನಿಮ್ಮೆದ್ರು ಹೊಯ್ಯಬಾರ್ದು ಅನ್ನೋದು ಅಷ್ಟೇ, ಆಮ್ಯಾಲ ಮಂಚದ ಕೆಳಗ, ಪರದೆ ಹಿಂದ ಹೋಗಿ ಮಾಡ್ತದ, ಹೊರಗ ಕರ್ಕೊಂಡು ಹೋದ್ರೂ ನೀವು ಬಾಜು ಇದ್ದೀರಿ ಅಂತ ಬಿಗಿ ಹಿಡ್ಕೊಂಡು ನಿಲ್ತದ.

ಫರಸಿ ತೊಳಿಯೋದು

ನಮ್ಮ ಕಡೆ ಹಳೇ ಮನ್ಯಾಗೆಲ್ಲಾ ಶಹಾಬಾದ್ ಫರಸಿ ಇರೋದ್ರಿಂದ ಇದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು. ಉಚ್ಚಿ ವಾಸನಿ ಉಳದ್ರ ನಾಯಿ ಅಲ್ಲೇ ಬಂದು ಹೊಯ್ತದ, ನಮ್ಮ ಮೂಗಿಗೆ ಬರ್ಲಿಲ್ಲ ಅಂದ್ರೂ ಅದಕ್ಕ ಬರ್ತದ. ಇಂಟರ್ನೆಟ್ಟಿನ್ಯಾಗ ಎಲ್ಲಾರೂ ವಿನೆಗರ್ ಹಾಕ್ರಿ ಅಂತಾರ. ಶಹಾಬಾದ್ ಕಲ್ಲು ಅಂದ್ರ ಸುಣ್ಣದ ಕಲ್ಲು, ವಿನೆಗರ್, ಲಿಂಬಿಹಣ್ಣು, ಆ್ಯಸಿಡ್ ಏನು ಹಾಕಿದ್ರೂ ಮ್ಯಾಲಿನ ಪದರ ತಿಂದು ಕಲ್ಲು ಒರಟಾಗಿ ಬೆಳ್ಳಗ ಕಲಿ ಬೀಳ್ತದ, ಒರಟಾದ್ರ ಇನ್ನೂ ಜಾಸ್ತಿ ಉಚ್ಚಿ ಹೀರ್ತದ. ಟೈಲ್ಸ್ ಇದ್ದವ್ರು ಹಾಕ್ರಿ, ಫರಸಿ ಇದ್ದವ್ರು ಬ್ಯಾಡ.

ಫರಸಿಗೆ ಹಿಂಗ ಮಾಡ್ರಿ, ಹಸಿ ಇದ್ದಾಗ ಹಳೇ ಬಟ್ಟಿ ಒತ್ತಿ ಹೀರಿಸ್ರಿ, ಒರಸಿ ಹರಡಬ್ಯಾಡ್ರಿ. ಸಾದಾ ಸಬಕಾರ ನೀರಿನ್ಯಾಗ ತೊಳದು, ಅಡುಗಿ ಸೋಡಾ ನೀರಾಗ ಕಲಸಿ ಕಲ್ಲು-ಕಲ್ಲಿನ ಸಂದಿಗೆ ಹಳೇ ಹಲ್ಲುಜ್ಜೋ ಬ್ರಶ್ಶಿನಿಂದ ತಿಕ್ರಿ, ವಾಸನಿ ಉಳಿಯೋದೇ ಆ ಸಂದ್ಯಾಗ. ಪೆಟ್ ಶಾಪಿನ್ಯಾಗ ಎಂಜೈಮ್ ಇರೋ ಕ್ಲೀನರ್ ಸಿಗ್ತಾವ, ಸಿಕ್ರ ಅದೇ ಎಲ್ಲಕ್ಕಿಂತ ಚೊಲೋ, ಹಾಕಿ ಬಾಟಲಿ ಮ್ಯಾಲ ಬರದಷ್ಟು ಹೊತ್ತು ಹಸಿ ಇರಾಕ ಬಿಡ್ರಿ. ಫಿನೈಲ್ ವಾಸನಿ ಮುಚ್ಚಸ್ತದ, ಉಚ್ಚಿ ತೆಗಿಯೋದಿಲ್ಲ, ಮತ್ತ ಸಣ್ಣ ನಾಯಿ ನೆಲಕ್ಕ ಹತ್ತೇ ಇರ್ತದ, ಕಾಲು ನೆಕ್ಕೊಂಡ್ರ ಹೊಟ್ಟಿಗೆ ಹೋಗ್ತದ. ಬ್ಲೀಚ್ ಉಚ್ಚಿ ಮ್ಯಾಲ ನೇರ ಸುರಿಬ್ಯಾಡ್ರಿ, ಎರಡೂ ಕೂಡಿ ಬರೋ ಹೊಗಿ ನಿಮಗೂ ಅದಕ್ಕೂ ಕೆಟ್ಟದ್ದು.

ಒಂದೇ ಇರೋದು ಕಲಿಸೋದು

ಅಂಜೋ ನಾಯಿಗೆ ಇದೇ ಮುಖ್ಯ, ಮತ್ತ ಇದಕ್ಕೇ ತಾಳ್ಮಿ ಬೇಕು.

ನೀವು ಹೊರಗ ಹೋಗೋ ಮುಂದ ಏನೇನು ಮಾಡ್ತೀರಿ ನೋಡ್ರಿ, ತಲಿ ಬಾಚೋದು, ಟಿಫಿನ್ ಡಬ್ಬಿ ಮುಚ್ಚೋದು, ಗಾಡಿ ಕೀಲಿ ತಗೊಳ್ಳೋದು, ಚಪ್ಪಲಿ. ನಾಯಿಗೆ ಈ ಸಪ್ಪಳ ಎಲ್ಲಾ ಗೊತ್ತು, ಕೀಲಿ ಝಣ್ ಅಂದ್ರೇ ಎದಿ ಹಾರ್ತದ. ಅದಕ್ಕ ದಿನಾ ಸುಮ್ಮ ಸುಮ್ಮನ ಕೀಲಿ ತಗೊಂಡು ಸೋಫಾದ ಮ್ಯಾಲ ಕುಂದರ್ರಿ, ಚಪ್ಪಲಿ ಹಾಕ್ಕೊಂಡು ಅಡುಗಿ ಮನಿಗೆ ಹೋಗಿ ಚಹಾ ಇಡ್ರಿ. ಕೀಲಿ ಸಪ್ಪಳಕ್ಕ ನಾಯಿ ತಲಿ ಸೈತ ಎತ್ತದಂಗ ಆಗೋ ತನಕ ಹಿಂಗೇ.

ಆಮ್ಯಾಲ ಬಾಗಿಲು. ತೆಗೆದು ಹಾಕ್ರಿ, ಹೋಗಬ್ಯಾಡ್ರಿ. ನಂತರ ಹೊರಗ ನಿಂತು ಬಾಗಿಲು ಹಾಕಿ ಐದು ಎಣಿಸಿ ಒಳಗ ಬರ್ರಿ, ಏನೂ ಆಗೇ ಇಲ್ಲ ಅನ್ನೋ ಹಂಗ. ಹತ್ತು, ಇಪ್ಪತ್ತು, ಒಂದು ನಿಮಿಷ, ನಡುವೆ ಮತ್ತ ಐದಕ್ಕ ಇಳೀರಿ, ಯಾಕಂದ್ರ ಪ್ರತಿ ಸಲ ಜಾಸ್ತಿ ಆಗ್ತದ ಅಂತ ನಾಯಿಗೆ ತಿಳದ್ರ ಶುರುವಿಗೇ ಅಂಜ್ತದ. ಫೋನಿನ್ಯಾಗ ನೋಡ್ಕೊಂತ ಮಾಡ್ರಿ, ಎದ್ದು ಅಡ್ಡಾಡಾಕ ಶುರು ಮಾಡಿದ್ರ, ಬಾಯಿ ನೆಕ್ಕೋದು, ಆಕಳಿಸೋದು ಹೆಚ್ಚಾದ್ರ ಇಂದಿಗೆ ಅಷ್ಟೇ ಸಾಕು, ನಾಳೆ ಅದಕ್ಕಿಂತ ಕಡಿಮಿ ಹೊತ್ತಿನಿಂದ ಶುರು. ಒದರಾಡೋ ತನಕ ಬಿಟ್ಟು, ಒದರಿ ಒದರಿ ತಾನೇ ಸುಮ್ಮಾಗ್ತದ ಅನ್ನೋದು ಅಂಜಿಕಿ ಇದ್ದ ನಾಯಿಗೆ ನಡಿಯೋದಿಲ್ಲ, ಅದು ದಣದು ಸುಮ್ಮಾಗ್ತದ, ಮರುದಿನ ಇನ್ನೂ ಅಂಜ್ತದ. ಅರ್ಧ ತಾಸು-ಮುಕ್ಕಾಲು ತಾಸು ಆರಾಮ ಇದ್ರ ಮುಂದಿನದ್ದು ಬೇಗ ಬೇಗ ಹೋಗ್ತದ, ಮದಲ ಹತ್ತು ನಿಮಿಷಾನೇ ಕಠಿಣ.

ಕಲಿಸೋ ವಾರಗಳಾಗ ಉಳಿದ ಟೈಮಿಗೆ ಅದನ್ನ ಪೂರ್ತಿ ಒಂದೇ ಬಿಡದೇ ಇರೋದು ಬೇಕು. ಇದು ಹೇಳ್ಲಿಕ್ಕೆ ಸರಳ, ಮಾಡ್ಲಿಕ್ಕೆ ತ್ರಾಸ, ನನಗೂ ಗೊತ್ತದ, ಆದ್ರ ನಮ್ಮ ಊರಾಗ ಇನ್ನೂ ಬಾಜು ಮನಿ ಆಯಿ, ಮ್ಯಾಲಿನ ಮನಿ ಕಾಲೇಜ್ ಹುಡುಗ, ಕಾಕಾನ ಮನಿ, ಯಾರಾದ್ರೂ ಇರ್ತಾರ. ಎರಡು ತಾಸು ನಿಮ್ಮಲ್ಲಿ ಇಟ್ಕೊಳ್ರಿ ಅಂತ ಕೇಳ್ರಿ, ಒದರೋದರಿಂದ ಅವ್ರಿಗೂ ಕಿರಿಕಿರಿ ಆಗಿರ್ತದ, ಯಾಕ ಕೇಳ್ಲಾಕತ್ತೀರಿ ಅಂತ ಬಿಡಿಸಿ ಹೇಳಿದ್ರ ಭಾಳ ಮಂದಿ ಒಪ್ಕೊತಾರ.

ಹೋಗೋದಕ್ಕ ಮುಂಚೆ ಅರ್ಧ ತಾಸು ಓಡಾಡ್ಸಿ, ಹೊಯ್ಸಿ, ಹೋಗೋವಾಗ ಕೆಲಸ ಕೊಟ್ಟು ಹೋಗ್ರಿ. ಒಳಗ ಪೊಳ್ಳು ಇರೋ ರಬ್ಬರ್ ಆಟಿಕಿ ಸಿಗ್ತದಲ್ಲ, ಅದರಾಗ ಮೊಸರನ್ನ ತುಂಬಿ ಫ್ರೀಝರಿನ್ಯಾಗ ಇಟ್ಟು ಕೊಟ್ರ ಬ್ಯಾಸಿಗ್ಯಾಗ ಅರ್ಧ ತಾಸು ನೆಕ್ಕೊಂತ ಕುಂದರ್ತದ. ಅದು ಇಲ್ಲಂದ್ರ ಖಡಕ್ ರೊಟ್ಟಿ ಚೂರು ಮಾಡಿ ಹಳೇ ಟಾವೆಲ್ಲಿನ್ಯಾಗ ಸುತ್ತಿ ಕೊಡ್ರಿ, ಮೂಗಿನಿಂದ ಬಿಚ್ಚಿ ಬಿಚ್ಚಿ ತಿಂತದ, ಬಟ್ಟಿ ನುಂಗೋ ಚಟ ಇದ್ದ ನಾಯಿಗೆ ಮಾತ್ರ ಬ್ಯಾಡ. ಶೇಂಗಾ ಹಿಂಡಿ (ಚಟ್ನಿ ಪುಡಿ) ಹಚ್ಚಬ್ಯಾಡ್ರಿ, ಅದರಾಗ ಬಳ್ಳೊಳ್ಳಿ ಇರ್ತದ, ಉಳ್ಳಾಗಡ್ಡಿ-ಬಳ್ಳೊಳ್ಳಿ ನಾಯಿ ರಕ್ತ ಕೆಡಸ್ತಾವ. ದ್ರಾಕ್ಷಿ, ಮನುಕಾ, ಚಾಕಲೇಟೂ ಬ್ಯಾಡ, ಬೇಯಿಸಿದ ಕೋಳಿ ಎಲುಬು ಸೀಳಿ ಗಂಟಲಿಗೆ ಚುಚ್ತದ.

ಎಲ್ಲಿ ಬಿಡ್ಬೇಕು ಅಂದ್ರ, ತಂಪಿರೋ ಖೋಲ್ಯಾಗ, ಫರಸಿ ಮ್ಯಾಲ, ಗಾಳಿ ಆಡೋ ಕಡೆ. ಜಾಗ ಕಲಿಯದ ಮರಿಗೆ ಮನಿ ಒಳಗೇ ಅಡ್ಡ ಕಟ್ಟಿದ ಸಣ್ಣ ಜಾಗ ಇಲ್ಲಾ ಎದ್ದು ನಿಂತು ತಿರುಗಿ ಮಲಗೋವಷ್ಟು ಪಂಜರ ರೂಢಿ ಮಾಡ್ಸಿದ್ರ ಉಪಯೋಗ ಅದ, ತಾನು ಮಲಗೋ ಜಾಗ ನಾಯಿ ಹೆಚ್ಚಾಗಿ ಹೊಲಸು ಮಾಡ್ಕೊಳ್ಳೋದಿಲ್ಲ. ಆದ್ರ ಅಂಜಿಕಿ ಇರೋ ನಾಯೀನ ಪಂಜರದಾಗ ಹಾಕಿ ಹೋಗಬ್ಯಾಡ್ರಿ, ಸಳಿ ಕಡದು ಹಲ್ಲು ಮುರ್ಕೊಂಡಿದ್ದು ಅದಾವ. ಮಾಳಗಿ ಮ್ಯಾಲ ಸರಪಳಿ ಹಾಕಿ ಕಟ್ಟೋದು, ಪತ್ರಾಸ್ ಶೆಡ್ಡಿನ್ಯಾಗ ಹಾಕೋದು ಇವು ನಮ್ಮ ಜಿಲ್ಲಾದಾಗ ಬ್ಯಾಸಿಗಿಗೆ ಕೊಲ್ಲೋದೇ ಆಗ್ತದ, 42-43 ಡಿಗ್ರಿ ಹೊರಗ ಇದ್ರ ಪತ್ರಾಸ್ ಕೆಳಗ ಇನ್ನೂ ಜಾಸ್ತಿ. ಪಗ್, ಶಿಟ್ಜು ಇಂಥಾ ಚಪ್ಪಟೆ ಮೂಗಿನವಕ್ಕ ಮದಲೇ ಉಸಿರಿನ ತ್ರಾಸು. ಕರೆಂಟ್ ಹೋದ್ರ ಫ್ಯಾನ್ ನಿಲ್ತದ ಅನ್ನೋದು ಲೆಕ್ಕದಾಗ ಇರ್ಲಿ, ಚೆಲ್ಲದಂಥ ಭಾರದ ಎರಡು ಬಟ್ಟಲ ನೀರು ಬ್ಯಾರೆ ಬ್ಯಾರೆ ಕಡೆ ಇಡ್ರಿ. ಬಂದಾಗ ನಾಯಿ ಜೋರು ತೇಕ್ತಿದ್ರ, ಜೊಲ್ಲು ಗಟ್ಟಿ ಆಗಿದ್ರ, ಕಾಲು ತಡವರಿಸಿದ್ರ ಸಾದಾ ನೀರು ಮೈಮ್ಯಾಲ ಹಾಕಿ ಫ್ಯಾನ್ ಕೆಳಗ ಹಿಡದು ಆವಾಗಲೇ ದವಾಖಾನಿಗೆ ಓಡ್ರಿ.

ಇಷ್ಟೆಲ್ಲಾ ಮಾಡಿದ್ರೂ ನಾಯಿ ಮೈ ಗಾಯ ಮಾಡ್ಕೊಳ್ಳೋವಷ್ಟು ಅಂಜಿದ್ರ ಡಾಕ್ಟ್ರಿಗೆ ಆ ವಿಡಿಯೋ ತೋರಸ್ರಿ. ಫ್ಲೂಯಾಕ್ಸಿಟಿನ್, ಕ್ಲೋಮಿಪ್ರಮಿನ್ ಅಂತ ಔಷಧ ಅದಾವ, ತೂಕ ನೋಡಿ ಅವ್ರೇ ಬರದು ಕೊಡ್ತಾರ, ಗುಣ ಕಾಣ್ಲಾಕ ಕೆಲವು ವಾರ ಬೇಕು, ಮತ್ತ ಅದರ ಜೋಡಿ ಟ್ರೇನಿಂಗೂ ನಡೀಬೇಕು. ಔಷಧ ಅಂದ್ರ ನಾಚ್ಕೊಳ್ಳೋದು ಬ್ಯಾಡ. ಮೆಡಿಕಲ್ ಅಂಗಡಿಯಿಂದ ಮನುಷ್ಯಾರು ತಗೊಳ್ಳೋ ನಿದ್ದಿ ಗುಳಿಗಿ ತಂದು ಅರ್ಧ ಮುರದು ಹಾಕೋದು ಮಾತ್ರ ಬ್ಯಾಡ್ವೇ ಬ್ಯಾಡ. ಒದರಿದ್ರ ಕರೆಂಟ್ ಹೊಡಿಯೋ ಪಟ್ಟಾ ಆನ್‌ಲೈನ್ ಸಿಗ್ತದ ಅಂತ ತರ್ಸಬ್ಯಾಡ್ರಿ, ಅಂಜಿಕಿಗೆ ನೋವು ಕೂಡಿಸಿದ್ರ ಅಂಜಿಕಿ ಬೆಳಿತದ. ಜೋಡಿಗೆ ಇನ್ನೊಂದು ಮರಿ ತಂದ್ರ ಸರಿ ಹೋಗ್ತದೇನು ಅಂತ ಕೇಳೋರಿಗೆ, ಹೋಗೋದಿಲ್ಲ ಅಂತಾನೇ ನನ್ನ ಉತ್ತರ, ಅದಕ್ಕ ಬೇಕಾದವ್ರು ನೀವು, ಇನ್ನೊಂದು ನಾಯಿ ಅಲ್ಲ.

ಮರಿಗೆ 6 ತಿಂಗಳ ಮ್ಯಾಲ ಆದ್ರೂ ಒಮ್ಮೊಮ್ಮೆ ಒಳಗ ಆಗ್ತದ, ಸಣ್ಣ ಜಾತಿಗೆ ವರ್ಷ ಹಿಡದ್ರೂ ಗಾಬ್ರಿ ಬೀಳಬ್ಯಾಡ್ರಿ. ಮಳಿಗಾಲ ಶುರು ಆದಾಗ ಹಸಿ ಮಣ್ಣಿಗೆ ಕಾಲಿಡಾಕ ಒಲ್ಲೆ ಅಂತಾವ, ಆವಾಗ ಟ್ರೇಗೆ ಒಣ ಮಣ್ಣು ಹಾಕಿ ವರಾಂಡಕ್ಕ ತಂದಿಡ್ರಿ. ಮದುವಿಗೆ, ಜಾತ್ರಿಗೆ ಅಂತ ನಾಕು ದಿನ ಊರಿಗೆ ಹೋಗಿ ಬಂದಾಗ, ಮನಿ ಬದಲಿ ಮಾಡಿದಾಗ ಕಲ್ತಿದ್ದು ಅರ್ಧ ಮರೀತದ, ಹಳೇ ವಿಡಿಯೋ ಹಂಗೇ ಮತ್ತ ಬಾಗಿಲ ಹತ್ರ ಕುಂಯ್ ಅಂತದ. ಆವಾಗ ಮದಲಿನಿಂದ ಶುರು ಮಾಡೋದು ಬೇಕಿಲ್ಲ, ಯಾವ ಹೊತ್ತಿಗೆ ಆರಾಮ ಇರ್ತಿತ್ತೋ ಅಲ್ಲಿಗೆ ಇಳಿದು ಮತ್ತ ಏರಿಸ್ರಿ, ಎರಡನೇ ಸಲಕ್ಕ ಬೇಗ ಬರ್ತದ.